ಬೆಟಗೇರಿಯ ನಾಲ್ಕನೇ ಇಯತ್ತೆ

ನನ್ನ ನಾಲ್ಕನೇ ಇಯತ್ತೆ, ಅಂದರೆ ನಾಲ್ಕನೇ ತರಗತಿ, ಗದಗಿಗೆ ಅಂಟಿಕೊಂಡ ಪೇಟೆಯಾದ ಬೆಟಗೇರಿಯಲ್ಲಿ ಆಯಿತು. ಇಷ್ಟು ಬರೆಯುವುದಕ್ಕೂ ಈಗಲೂ ಕೈ ಹಿಂಜರಿಯುತ್ತದೆ. ಆ ವರ್ಷ ಅವ್ವ ಹಾಸಿಗೆ ಹಿಡಿದಿದ್ದರಿಂದ ನನ್ನನ್ನು ಸೋದರಮಾವನ ಮನೆಗೆ ಕಳಿಸಿದ್ದರು. ಅವರ ಓಣಿಯ ಶಾಲೆಯಲ್ಲೇ ಕೂತು ಓದಿದೆ. ಮುಂಡರಗಿ ಕಡೆಯ ನಮ್ಮ ಹಳ್ಳಿಯ ಶಾಲೆಯಲ್ಲಿ ಮಕ್ಕಳು ಕಡಿಮೆ, ಇನ್ನೂ ಇಳಿದರೆ ಶಾಲೆ ಮುಚ್ಚೀತೆಂದು ಹಾಜರಿ ಪುಸ್ತಕದಿಂದ ನನ್ನ ಹೆಸರು ತೆಗೆಯಲೇ ಇಲ್ಲ. ಹೀಗಾಗಿ ಕಾಗದದಲ್ಲಿ ನಾನು ಒಂದರಿಂದ ಹತ್ತರವರೆಗೂ ಅಪ್ಪಟ ಹಳ್ಳಿ ಹುಡುಗಿ.

ಪಿಯುಸಿ ಮುಗಿದು ಇಂಜಿನಿಯರಿಂಗ್ ಸೀಟಿಗೆ ಅರ್ಜಿ ಹಾಕುವಾಗ ಅಪ್ಪ ಗ್ರಾಮೀಣ ಮೀಸಲಾತಿಯ ಪ್ರಮಾಣಪತ್ರ ಮಾಡಿಸಿ ತಂದರು. ಹತ್ತೂ ವರ್ಷ ಹಳ್ಳಿಯಲ್ಲೇ ಓದಿದವರಿಗೆ ಅದು. ಅದಿಲ್ಲದಿದ್ದರೆ ನನ್ನ ರ‍್ಯಾಂಕಿಗೆ ಸರ್ಕಾರಿ ಸೀಟು ಕನಸಿನ ಮಾತು.

"ಅಪ್ಪಾ, ನಾಲ್ಕನೇದು..." ಎಂದೆ.

"ಸುಮ್ನಿರು. ಒಂದ್ ವರ್ಷದ್ದು ಏನ್ ದೊಡ್ಡ ಮಾತು? ಪ್ಯಾಟಿ ಹುಡುಗ್ರು ಟ್ಯೂಷನ್ ಹಚ್ಚಿಕೊಂಡು ಓದ್ತಾರ, ಅದು ನ್ಯಾಯ ಏನು?"

ಅಪ್ಪನ ವಾದ ನನಗೆ ಹಿಡಿಸಿತು. ನನಗೆ ಅನುಕೂಲವಾಗಿತ್ತಲ್ಲ, ಹಿಡಿಸದೇ ಏನು!

ದಾಖಲೆ ಪರಿಶೀಲನೆಗೆ ಮೂರು ದಿನ ಮೊದಲು ನನಗೆ ಧೈರ್ಯ ಹೇಳಲು ಲಕ್ಷ್ಮೇಶ್ವರದಿಂದ ಅಪ್ಪನ ಅಕ್ಕ ಬಂದರು. ಬಂದು ಹೆದರಿಕೆಯನ್ನು ದುಪ್ಪಟ್ಟು ಮಾಡಿದರು.

"ಕಾಗದ ಎಲ್ಲಾ ಸರಿ ಅದಾವು. ನೀ ಸಿಕ್ಕಿಬೀಳೂದು ನಿನ್ನ ಬಾಯಿಂದ. ಅಲ್ಲಿ ಸಾಹೇಬ್ರು ಏನ್ ಊಟ ಮಾಡ್ತಿ ಅಂತ ಕೇಳ್ತಾರಂತ. ಹಳ್ಳ್ಯಾಕಿನೋ ಪ್ಯಾಟ್ಯಾಕಿನೋ ಅದ್ರಾಗ ಗೊತ್ತಾಕ್ಕೈತಿ. ಜ್ವಾಳದ ರೊಟ್ಟಿ, ಪುಂಡಿಪಲ್ಯ, ಗುರೆಳ್ಳು ಚಟ್ನಿ ಅನ್ನು. ತಪ್ಪಿನೂ ಉಪ್ಪಿಟ್ಟು ಅನಬ್ಯಾಡ."

ಇದನ್ನು ಹೇಳುವಾಗ ಅತ್ತೆ ಬೇಕರಿಯ ಟೋಸ್ಟನ್ನು ಚಹಾದಲ್ಲಿ ಅದ್ದಿ ತಿನ್ನುತ್ತಿದ್ದರು. ನಮ್ಮ ಹಳ್ಳಿಯಲ್ಲೂ ಮುಂಜಾನೆ ಮನೆಮನೆಗೆ ಉಪ್ಪಿಟ್ಟೇ. ಈಗ ನೆನೆದರೆ ನಗು ಬರುತ್ತದೆ. ಆಗ ನಗು ಎಲ್ಲಿಂದ ಬರಬೇಕು? ಮೂರು ದಿನ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದೆ. ಅನ್ನದ ತಟ್ಟೆಯ ಮುಂದೆ ಕೂತರೂ ಪಾಠ ಒಪ್ಪಿಸಿದಂತೆ ಒಳಗೊಳಗೇ ಅತ್ತೆ ಹೇಳಿಕೊಟ್ಟದ್ದನ್ನೇ ಹೇಳಿಕೊಳ್ಳುತ್ತಿದ್ದೆ. ಪೊಲೀಸರು ಬರುತ್ತಾರೆ, ಅಪ್ಪನನ್ನು ಕರೆದೊಯ್ಯುತ್ತಾರೆ ಎಂದು ಕೂಡ ಅನ್ನಿಸುತ್ತಿತ್ತು.

ದಾಖಲೆ ಪರಿಶೀಲನೆ ಗದಗಿನಲ್ಲಿ. ಸಾಲಿನಲ್ಲಿ ನಿಂತಾಗ ಕೈ ಬೆವತು ಪ್ರಮಾಣಪತ್ರದ ಅಂಚು ಮೆತ್ತಗಾಗಿತ್ತು. ನನ್ನ ಪಾಳಿ ಬಂತು. ಮೇಜಿನ ಹಿಂದೆ ಕೂತಿದ್ದ ವಯಸ್ಸಾದ ಅಧಿಕಾರಿ ಕಾಗದ ಕೈಗೆ ತೆಗೆದುಕೊಂಡು ನನ್ನ ಮುಖ ನೋಡಿದರು.

"ಊಟ ಆತೇನವ್ವಾ?"

ನಮ್ಮ ಕಡೆ ಎದುರಿಗೆ ಬಂದವರನ್ನೆಲ್ಲ ಕೇಳುವ ಮಾತು ಅದು. ಹುಟ್ಟಿದಾಗಿನಿಂದ ಕೇಳಿದ್ದೇನೆ. ಆದರೆ ಅವತ್ತು ಅದು ಅತ್ತೆ ಹೇಳಿದ್ದ ಪ್ರಶ್ನೆಯೇ ಎಂದುಕೊಂಡೆ.

"ರೊಟ್ಟಿರೀ, ಪುಂಡಿಪಲ್ಯಾರೀ, ಗುರೆಳ್ಳು ಚಟ್ನಿರೀ. ದಿನಾ ಅದನ್ನ ತಿಂತೀವ್ರಿ. ಉಪ್ಪಿಟ್ಟು ನಮ್ಮ ಮನ್ಯಾಗ ಮಾಡೂದೇ ಇಲ್ರೀ!"

ಇಡೀ ಕೋಣೆ ನಕ್ಕಿತು. ಅವರೂ ನಕ್ಕರು. "ಇಷ್ಟ್ಯಾಕ ಹೆದರ್ತಿ ತಂಗಿ? ಮಾರಿ ಬಾಡಿತ್ತು, ಉಪಾಸ ಬಂದೀ ಏನೋ ಅಂತ ಕೇಳಿದೆ."

ಕಾಗದಗಳನ್ನು ಒಂದೊಂದಾಗಿ ತಿರುವಿ ಸಹಿ ಮಾಡಿದರು. ಅವರು ಗದರಿಸಿದ್ದರೆ ನಿಜ ಹೇಳಿಬಿಡುತ್ತಿದ್ದೆನೋ ಏನೋ. ಕನಿಕರಪಟ್ಟ ಮನುಷ್ಯನ ಎದುರು ಬಾಯಿ ಬರಲಿಲ್ಲ.

ಹೊರಗೆ ಬಂದಾಗ ಶಿರಹಟ್ಟಿ ಕಡೆಯ ಹುಡುಗಿಯೊಬ್ಬಳು ನನ್ನ ತೋಳು ಹಿಡಿದಳು. ಅವಳ ಕೈ ನನ್ನ ಕೈಯಷ್ಟೇ ತಣ್ಣಗಿತ್ತು.

"ನಂದೂ ಗ್ರಾಮೀಣನ ಐತ್ರೀ. ಹತ್ತೂ ವರ್ಷ ನಮ್ಮೂರಾಗ ಓದೀನಿ, ಆದ್ರೂ ಎದಿ ಢವಢವ ಅನ್ನಾಕತ್ತೈತಿ. ಒಳಗ ಏನ್ ಕೇಳ್ತಾರ್ರೀ?"

"ಏನೂ ಕೇಳೂದಿಲ್ಲ" ಎಂದೆ.

ನಾನು ಬಯಸಿದ್ದ ಕಾಲೇಜನ್ನೇ ಅವಳೂ ಬಯಸಿದ್ದಳು. ರ‍್ಯಾಂಕು ನನ್ನದಕ್ಕಿಂತ ತುಸು ಹಿಂದೆ. "ಇಬ್ರಿಗೂ ಸಿಕ್ರ ಹಾಸ್ಟೆಲ್ಲಿನ್ಯಾಗ ಒಂದೇ ಖೋಲಿ ತಗೊಳ್ಳೂಣು, ಹಾಂ?" ಎಂದು ನಕ್ಕು ಒಳಗೆ ಹೋದಳು.

ನನಗೆ ಸೀಟು ಹಂಚಿಕೆಯ ಕೊನೆಯ ಸುತ್ತಿನಲ್ಲಿ, ಗ್ರಾಮೀಣ ಮೀಸಲಾತಿಯಲ್ಲೇ, ಸೀಟು ಸಿಕ್ಕಿತು. ನಾಲ್ಕು ವರ್ಷದಲ್ಲಿ ಅವಳು ಆ ಕಾಲೇಜಿನಲ್ಲಿ ಒಮ್ಮೆಯೂ ಕಾಣಲಿಲ್ಲ. ಅವತ್ತು ನಾನು ಅವಳ ಹೆಸರು ಕೇಳಿರಲಿಲ್ಲ. ಮರೆತಲ್ಲ, ಬೇಕೆಂದೇ ಕೇಳಿರಲಿಲ್ಲ. ಕೇಳಿದ್ದರೆ ಸೀಟು ಸಿಕ್ಕವರ ಪಟ್ಟಿಯಲ್ಲಿ ಹುಡುಕಬೇಕಾಗುತ್ತಿತ್ತು.