ಮಲ್ಲಣ್ಣ ಹಾಕದ ಚಕ್ರ

ಬೈಕಿಗೆ ಚಕ್ರ ಆರಿಸಿಕೊಡಿ ಎಂದು ಯಾರೇ ಬಂದರೂ ಮಲ್ಲಣ್ಣ ಮೊದಲು ಬೈಕನ್ನು ನೋಡುತ್ತಿರಲಿಲ್ಲ. ಕೈಯನ್ನು ಬಟ್ಟೆಗೆ ಒರೆಸಿಕೊಂಡು ಹಿಂದಿನ ಸೀಟಿನ ಮೇಲೆ ಕುಳಿತು, "ನೀ ದಿನಾ ಓಗೋ ದಾರೀಲಿ ಒಂದ್ಸುತ್ತು ಕರ್ಕಂಡೋಗು" ಎನ್ನುತ್ತಿದ್ದರು. ಬೈಕು ಹೊರಟ ಕೂಡಲೇ ಕಣ್ಣು ಮುಚ್ಚುತ್ತಿದ್ದರು. ಕೈಗಳು ತೊಡೆಯ ಮೇಲೆ ಸುಮ್ಮನಿರುತ್ತಿದ್ದವು, ಏನನ್ನೂ ಹಿಡಿದುಕೊಳ್ಳುತ್ತಿರಲಿಲ್ಲ. ವಾಪಸು ಬಂದು ಇಳಿದ ಮೇಲೆ ಜ್ವರ ನೋಡಿದ ವೈದ್ಯರ ಹಾಗೆ ಒಂದೊಂದಾಗಿ ಹೇಳುತ್ತಿದ್ದರು. "ಗುಂಡಿ ಕಂಡ್ರ ಬ್ರೇಕ್ ಇಡ್ಕಂಡೇ ಇಳೀತಿಯಲ್ಲಾ, ಅದ್ಕೇ ರಿಮ್ಮು ಏಟು ತಿಂತದ. ಗುಂಡಿಗೆ ಮುಂಚೆ ಬ್ರೇಕ್ ಇಡಿ, ಇಳಿಯೋವಾಗ ಬುಟ್ಬುಡು. ಆಮೇಲೆ ಚಕ್ರದ ಮಾತಾಡನ."

ಅವರ ಅಂಗಡಿ ಚಾಮರಾಜನಗರದಲ್ಲಿ ರೈಲು ನಿಲ್ದಾಣದ ಕಡೆಗೆ ಹೋಗುವ ಒಂದು ಅಡ್ಡರಸ್ತೆಯಲ್ಲಿತ್ತು. ಪಕ್ಕದಲ್ಲೇ ಅರಿಶಿನದ ಗೋದಾಮು. ಮೂಟೆ ಇಳಿಸುವ ದಿನ ಹಳದಿ ಪುಡಿ ಹಾರಿ ಬಂದು ತೂಗುಹಾಕಿದ ರಿಮ್ಮುಗಳ ಮೇಲೆಲ್ಲ ಕೂರುತ್ತಿತ್ತು. ಬೇರೆ ಮೆಕ್ಯಾನಿಕ್ಕುಗಳು ಎಂಜಿನ್ ಬಿಚ್ಚುತ್ತಿದ್ದರು, ಎಣ್ಣೆ ಬದಲಿಸುತ್ತಿದ್ದರು. ಮಲ್ಲಣ್ಣನದು ಚಕ್ರವೊಂದೇ. ಸೊಟ್ಟಗಾದ ರಿಮ್ಮನ್ನು ನೇರ ಮಾಡುವುದು, ಹೊಸ ಸ್ಪೋಕ್ ಕಡ್ಡಿ ಹಾಕಿ ಬಿಗಿಯುವುದು, ಯಾವ ಗಾಡಿಗೆ ಯಾವ ಚಕ್ರವೆಂದು ಹೇಳುವುದು. ಊರಿನ ಒಂದು ಶೋರೂಮಿನವರೂ ತಮ್ಮ ಕೈಲಾಗದ ಚಕ್ರಗಳನ್ನು ಅವರಲ್ಲಿಗೇ ಕಳಿಸುತ್ತಿದ್ದರು.

ನಾನು ಅಲ್ಲಿಗೆ ಹೋದದ್ದು ರಕ್ತದಿಂದಾಗಿ. ಒಂದು ಖಾಸಗಿ ಪ್ರಯೋಗಾಲಯಕ್ಕಾಗಿ ಸುತ್ತಲಿನ ಕ್ಲಿನಿಕ್ಕುಗಳಿಂದ ರಕ್ತದ ಮಾದರಿ ತರುವುದು ನನ್ನ ಕೆಲಸ. ಊರೊಳಗಿನ ಕಿತ್ತುಹೋದ ಬೀದಿಗಳಲ್ಲಿ ಸುತ್ತಿ, ಬದನಗುಪ್ಪೆಯ ಕಾರ್ಖಾನೆಗಳವರೆಗೂ ಹೋಗಿ ಬರಬೇಕಿತ್ತು. ಡಬ್ಬಿ ಹೆಚ್ಚು ಕುಲುಕಿದರೆ ರಕ್ತಕಣಗಳು ಒಡೆದು, ಹೊಂಬಣ್ಣದಲ್ಲಿರಬೇಕಾದ ಮೇಲಿನ ತಿಳಿನೀರು ಕೆಂಪಾಗುತ್ತದೆ. ಅಂಥ ಮಾದರಿ ಪರೀಕ್ಷೆಗೆ ಬರುವುದಿಲ್ಲ. ಯಾರೋ ಅಜ್ಜಿಗೆ ಮತ್ತೊಮ್ಮೆ ಸೂಜಿ ಚುಚ್ಚಬೇಕು. ವಾರಕ್ಕೆ ಎರಡು ಮೂರು ಹೀಗೆ ಹಾಳಾಗುತ್ತಿದ್ದವು. ಚಕ್ರ ಹಗುರವಾದರೆ ಗಾಡಿ ಅಷ್ಟು ಎಗರುವುದಿಲ್ಲವೆಂದು ಯಾರೋ ಹೇಳಿದ್ದರು.

ಮೋಟಾರ್‌ಸೈಕಲ್ಲು ನಾನು ಹಟ ಹಿಡಿದು ತೆಗೆದುಕೊಂಡದ್ದು. ಅಪ್ಪ ತೀರಿಹೋದ ಮೇಲೆ ಮನೆಯಲ್ಲಿ ಅಣ್ಣನದೇ ಮಾತು. ಹೆಣ್ಣುಮಗಳಿಗೆ ಸ್ಕೂಟರ್ ಸಾಕೆಂದು ಅವನು, ಆ ರಸ್ತೆಗೆ ಸ್ಕೂಟರಿನ ಪುಟ್ಟ ಚಕ್ರ ಆಗದೆಂದು ನಾನು. ಕೊನೆಗೆ ಅತ್ತಿಗೆ ಮಂಜುಳಾ ಹೊಲಿಗೆಯಂತ್ರದಿಂದ ತಲೆ ಎತ್ತದೆಯೇ, "ಕೆಲ್ಸಕ್ಕೋಗೋಳು ಅವ್ಳು. ಗಾಡಿ ಯಾವ್ದು ಅಂತ ಅವ್ಳೇ ಏಳ್ಲಿ ಬುಡಿ" ಎಂದಿದ್ದಳು. ಅಣ್ಣ ಒಪ್ಪಿದ, ಆದರೆ ಬೆರಳು ತೋರಿಸಿ ಹೇಳಿದ: "ನಿನ್ನ ತಪ್ಪಿಂದ ಒಂದ್ಸಲ ಬಿದ್ರೂ ಮುಗೀತು. ಮಾರ್ಬುಡ್ತೀನಿ."

ಐವತ್ತೈದು ದಾಟಿದ ಮಲ್ಲಣ್ಣ ನನ್ನ ಹಿಂದೆ ಕುಳಿತು ಬಂದ ದಿನ ಬೀದಿಯವರೆಲ್ಲ ನಮ್ಮನ್ನೇ ನೋಡಿದರು. ಮಲ್ಲಣ್ಣನಿಗೇನೂ ಕಾಣಿಸಲಿಲ್ಲ, ಕಣ್ಣು ಮುಚ್ಚಿತ್ತು. ದಾರಿಯಲ್ಲಿ ನಾನು ಅಣ್ಣನ ಷರತ್ತನ್ನೆಲ್ಲ ಹೇಳಿಕೊಂಡೆ. ಇಳಿದವರು ಕೇಳಿದ್ದು ಒಂದೇ ಪ್ರಶ್ನೆ. "ಇಂದ್ಗಡೆ ಯಾರ ಕೂರಿಸ್ಕತೀಯ?"

"ಒಂದೊಂದ್ಸಲ ಅತ್ತಿಗೇನ."

"ಹಂಗಾರ ಇಬ್ರ ಲೆಕ್ಕ ಇಡ್ಕಬೇಕು."

ಆಮೇಲೆ ಅರ್ಧ ಗಂಟೆ ನನಗೆ ಪಾಠ. ಒಂದು ಕೆಜಿ ತೂಕವನ್ನು ಸೊಂಟಕ್ಕೆ ಕಟ್ಟಿಕೊಂಡು ನಡೆಯುವುದಕ್ಕೂ ಕಾಲಿಗೆ ಕಟ್ಟಿಕೊಂಡು ನಡೆಯುವುದಕ್ಕೂ ಇರುವ ವ್ಯತ್ಯಾಸ ಕೇಳಿದರು. ಚಕ್ರದ ಭಾರವೆಂದರೆ ಗಾಡಿಯ ಕಾಲಿಗೆ ಕಟ್ಟಿದ ಭಾರ. ಅದು ಇಳಿದಷ್ಟೂ ಗಾಡಿ ನೆಲ ಬಿಡದೆ ಓಡುತ್ತದೆ. "ಅಗುರ ಬೇಕು ದಿಟ. ನೀ ಕೇಳ್ತಿರೋದು ಸರಿಯೇ. ಆದ್ರ ಅಗುರ ಮಾಡೋಕೆ ಎರಡು ದಾರಿ ಅವೆ. ಒಳ್ಳೆ ಲೋಹ ಹಾಕೋದು ಒಂದು, ಲೋಹನೇ ಕಮ್ಮಿ ಹಾಕೋದು ಇನ್ನೊಂದು." ಒಳ್ಳೆಯ ಅಲಾಯ್ ಚಕ್ರವೂ ನಡೆಯುತ್ತದೆ, ಆದರೆ ಒಳಮೈಯಲ್ಲಿ ಎಷ್ಟು ಭಾರ ಹೊರುತ್ತದೆಂದು ಅಚ್ಚೊತ್ತಿದ ಗುರುತು ಇರಬೇಕು. ನನ್ನ ಬೀದಿಗಳಿಗೆ ಅಲ್ಯೂಮಿನಿಯಂ ರಿಮ್ಮು, ಅದಕ್ಕೆ ಉಕ್ಕಿನ ಕಡ್ಡಿ. ಏಟು ಬಿದ್ದರೆ ಬಗ್ಗುತ್ತದೆ, ತಂದರೆ ಅವರು ನೇರ ಮಾಡಿಕೊಡುತ್ತಾರೆ. ಕೊಯಮತ್ತೂರಿನಿಂದ ತರಿಸಬೇಕು, ಮೂರು ವಾರ.

ಮೂರು ವಾರ ನಾನು ಕಾಯಲಿಲ್ಲ. ಫೋನಿನಲ್ಲಿ ಒಂದು ಜೋಡಿ ಅಲಾಯ್ ಚಕ್ರ ನೋಡಿದೆ. ಕಪ್ಪು ಬಣ್ಣ, ತೆಳ್ಳಗಿನ ಐದು ತೋಳು, ಅಂಚಿಗೆ ಕೆಂಪು ಗೆರೆ. ತೂಕವೂ ಮಲ್ಲಣ್ಣ ಹೇಳಿದ್ದಕ್ಕಿಂತ ಕಡಿಮೆ. ತರಿಸಿಕೊಂಡು ಹೆಮ್ಮೆಯಿಂದ ಅವರ ಅಂಗಡಿಗೇ ಒಯ್ದೆ. ಅವರು ಬೆಳಕಿಗೆ ಹಿಡಿದು ಒಳಮೈ ಪೂರ್ತಿ ಬೆರಳಾಡಿಸಿದರು.

"ಭಾರದ ಅಚ್ಚೇ ಇಲ್ವಲ್ಲ ಕಣಮ್ಮಿ. ಮುರೀತದ ಇದು."

"ನೋಡೋಕೆ ಚೆನ್ನಾಗಿದೆ ಅಲ್ವಾ ಮಲ್ಲಣ್ಣ?"

"ಚೆಂದ ಅದ. ಗ್ವಾಡೆಗೆ ನೇತಾಕು. ನಾ ಮಾತ್ರ ಹಾಕಲ್ಲ."

ನನಗೆ ಮುಖ ಕೆಂಪಾಯಿತು. ಮುದುಕರಿಗೆ ಹೊಸದೆಂದರೆ ಆಗುವುದಿಲ್ಲ ಎಂದುಕೊಂಡೆ. ಮುಂದಿನ ಭಾನುವಾರ ಮೈಸೂರಿಗೆ ಹೋಗಿ ಒಂದು ಅಂಗಡಿಯಲ್ಲಿ ಹಾಕಿಸಿಕೊಂಡು ಬಂದೆ. ನಾಲ್ಕು ತಿಂಗಳು ಬೈಕು ಹಕ್ಕಿಯಂತೆ ಓಡಿತು. ಹಾಳಾಗುವ ಮಾದರಿಗಳು ಕಡಿಮೆಯಾದವು. ಮಲ್ಲಣ್ಣನ ಅಂಗಡಿ ಮುಂದೆ ಹಾದುಹೋಗುವಾಗ ಬೇಕೆಂದೇ ಹಾರ್ನ್ ಮಾಡುತ್ತಿದ್ದೆ. ಅವರು ಕೈ ಎತ್ತುತ್ತಿದ್ದರು.

ಆಮೇಲೆ ಒಂದು ಮಧ್ಯಾಹ್ನ, ಅತ್ತಿಗೆ ಲೈನಿಂಗ್ ಬಟ್ಟೆ ತರಬೇಕೆಂದು ನನ್ನ ಹಿಂದೆ ಕುಳಿತಳು. ಬೆಳಿಗ್ಗೆ ಮಳೆ ಬಂದು ಮೋರಿ ಪಕ್ಕದ ಗುಂಡಿಯಲ್ಲಿ ನೀರು ನಿಂತಿತ್ತು, ಆಳ ತಿಳಿಯಲಿಲ್ಲ. ವೇಗವೇನೂ ಇರಲಿಲ್ಲ. ಗಾಬರಿಯಲ್ಲಿ ಬ್ರೇಕ್ ಹಿಡಿದೇ ಇಳಿದೆ. ಒಣಕಟ್ಟಿಗೆ ಮುರಿದಂಥ ಸದ್ದು. ಮುಂದಿನ ಚಕ್ರದ ಎರಡು ತೋಳು ತುಂಡಾಗಿ ರಿಮ್ಮು ಬಾಯಿಬಿಟ್ಟಿತ್ತು. ನನಗೆ ಮೊಣಕಾಲು ತರಚಿತು, ಅಷ್ಟೆ. ಅತ್ತಿಗೆ ಬಲಗೈ ಊರಿಕೊಂಡು ಬಿದ್ದಿದ್ದಳು. ಮಣಿಕಟ್ಟಿನ ಮೂಳೆ ಎರಡು ಕಡೆ ಮುರಿದಿತ್ತು.

ಆಸ್ಪತ್ರೆಯ ವರಾಂಡದಲ್ಲಿ ಅಣ್ಣ ಕೇಳಿದ. "ಯಾರಮ್ಮಿ ಆ ಚಕ್ರ ಹಾಕ್ದೋನು?"

ಮೈಸೂರು ಎಂದರೆ, ಮಲ್ಲಣ್ಣ ಊರಲ್ಲೇ ಇರುವಾಗ ಅಲ್ಲಿಗೇಕೆ ಹೋದೆ ಎಂದು ಕೇಳುತ್ತಾನೆ. ಅದಕ್ಕೆ ನನ್ನಲ್ಲಿದ್ದ ಉತ್ತರ ಒಂದೇ: ಅವರು ಬೇಡವೆಂದಿದ್ದರು, ನಾನು ಕೇಳಲಿಲ್ಲ. ಆಮೇಲೆ ಬೈಕು ಹೋಗುತ್ತದೆ, ಅದರ ಹಿಂದೆ ಕೆಲಸವೂ ಹೋಗುತ್ತದೆ. ಇಷ್ಟೆಲ್ಲ ಲೆಕ್ಕ ಹಾಕಲು ನನಗೆ ಒಂದು ಉಸಿರಿನಷ್ಟು ಹೊತ್ತೂ ಬೇಕಾಗಲಿಲ್ಲ.

"ಮಲ್ಲಣ್ಣ" ಎಂದೆ.

ಮರುದಿನ ಅಣ್ಣ ಮುರಿದ ಚಕ್ರವನ್ನೂ ನನ್ನನ್ನೂ ಆಟೋದಲ್ಲಿ ಹಾಕಿಕೊಂಡು ಆ ಅಂಗಡಿಗೆ ಹೋದ. ಅಲ್ಲಿ ಇಬ್ಬರು ಹಾಲಿನವರು, ಒಬ್ಬ ಮೇಷ್ಟ್ರು, ಶೋರೂಮಿನಿಂದ ಚಕ್ರ ತಂದಿದ್ದ ಒಬ್ಬಾತ ನಿಂತಿದ್ದರು. ಅಣ್ಣ ಚಕ್ರವನ್ನು ನೆಲಕ್ಕೆ ಎಸೆದ. "ಊರೆಲ್ಲ ನಿಮ್ಮ ನಂಬ್ಕಂಡು ಗಾಡಿ ತತ್ತದಲ್ಲ, ಇದಾ ನೀವು ಮಾಡೋ ಕೆಲ್ಸ? ನನ್ನ ಎಂಡ್ತಿ ಇನ್ನು ಕತ್ರಿ ಇಡಿಯೋ ಹಂಗಿಲ್ಲ!"

ಮಲ್ಲಣ್ಣ ಬಗ್ಗಿ ಚಕ್ರ ಎತ್ತಿಕೊಂಡರು. ಮುರಿದ ಕಡೆ ಹೆಬ್ಬೆರಳಿನಿಂದ ಸವರಿದರು. ಆಮೇಲೆ ನನ್ನ ಕಡೆ ನೋಡಿದರು. ನೋಡಿದರೆಂದು ನನಗೆ ಗೊತ್ತಾಯಿತು, ಏಕೆಂದರೆ ನೆಲ ನೋಡುತ್ತಿದ್ದ ನನಗೆ ಅವರ ಪಾದಗಳು ನನ್ನತ್ತ ತಿರುಗಿದ್ದು ಕಾಣಿಸಿತು. ನಾನು ಬಾಯಿ ಬಿಡಲಿಲ್ಲ.

"ಊ ಕಣಪ್ಪ" ಎಂದರು ಮಲ್ಲಣ್ಣ. "ನಾನೇ ಹಾಕ್ಕೊಟ್ಟೆ. ಸರ್ಯಾಗಿ ನೋಡ್ದೆ ಹಾಕ್ಬುಟ್ಟೆ."

ಅಣ್ಣ ಇನ್ನೂ ಏನೇನೋ ಬೈದ. ಇನ್ನು ಮೇಲೆ ಯಾರ ಗಾಡಿಯನ್ನೂ ಮುಟ್ಟಬೇಡಿ ಎಂದ. ಎಲ್ಲ ಮುಗಿದು ಅವನು ತಿರುಗಿದಾಗ ಮಲ್ಲಣ್ಣ ಹಿಂದಿನಿಂದ ಹೇಳಿದರು: "ಈ ಮಗ ಚೆನ್ನಾಗೇ ಓಡಿಸ್ತದ. ಗಾಡಿಯ ಮಾತ್ರ ಕಿತ್ಕಬೇಡಿ."

ಗಾಡಿ ನನ್ನಲ್ಲೇ ಉಳಿಯಿತು. ಅತ್ತಿಗೆಯ ಕೈಗೆ ತಂತಿ ಹಾಕಿ ಕೂಡಿಸಿದರು. ಮೂಳೆ ಕೂಡಿತು, ಆದರೆ ಮಣಿಕಟ್ಟು ಪೂರ್ತಿ ತಿರುಗುವುದಿಲ್ಲ. ಈಗ ಅವಳು ಬಟ್ಟೆ ಕತ್ತರಿಸಲು ಬೇರೆಯವರನ್ನು ಕರೆಯುತ್ತಾಳೆ, ಹೊಲಿಗೆ ಮಾತ್ರ ತಾನೇ ಹಾಕುತ್ತಾಳೆ.

ಮಾತು ಊರಲ್ಲಿ ಹರಡಿತು. ಮಲ್ಲಣ್ಣ ತಾವೇ ಒಪ್ಪಿಕೊಂಡರಂತೆ ಎನ್ನುವುದು ಎಲ್ಲಕ್ಕಿಂತ ಬೇಗ ಹರಡಿತು. ಶೋರೂಮಿನವರು ಚಕ್ರ ಕಳಿಸುವುದನ್ನು ನಿಲ್ಲಿಸಿದರು. ಹಾಲಿನವರು ಬೇರೆ ಕಡೆ ಹೋದರು. ನಾನು ಬೀದಿ ಬದಲಿಸಿದೆ, ಬಳಸಿಕೊಂಡು ಹೋಗುವ ದಾರಿ ಹಿಡಿದೆ. ಒಂದು ವರ್ಷದೊಳಗೆ ಅಂಗಡಿಯ ಬಾಗಿಲು ಮುಚ್ಚಿತು. ಈಗ ಕಡ್ಡಿ ಚಕ್ರ ಯಾರಿಗೆ ಬೇಕು, ಹೇಗೂ ಮುಚ್ಚುತ್ತಿತ್ತು ಎಂದು ನನಗೆ ನಾನೇ ಹೇಳಿಕೊಂಡೆ. ಎಷ್ಟು ಸಲ ಹೇಳಿಕೊಂಡೆನೆಂದರೆ, ಒಂದೊಂದು ದಿನ ನಂಬಿಯೂಬಿಡುತ್ತಿದ್ದೆ.

ಎರಡು ವರ್ಷದ ನಂತರ ನಮ್ಮ ಪ್ರಯೋಗಾಲಯ ಗುಂಡ್ಲುಪೇಟೆಯಲ್ಲೂ ಒಂದು ಕೇಂದ್ರ ತೆರೆಯಿತು. ಅಲ್ಲಿ ತರಕಾರಿ ಮಾರುಕಟ್ಟೆಯ ಹೊರಗೆ, ಕೇರಳಕ್ಕೆ ಹೊರಡುವ ಲಾರಿಗಳ ನಡುವೆ, ಮಲ್ಲಣ್ಣ ಒಂದು ತಳ್ಳುಗಾಡಿಯನ್ನು ಮಗುಚಿ ಹಾಕಿಕೊಂಡು ಅದರ ಚಕ್ರ ಬಿಗಿಯುತ್ತಿದ್ದರು. ಗುಂಡ್ಲುಪೇಟೆ ಅವರ ಹೆಂಡತಿಯ ತವರು. ಲಾರಿ ಚಾಲಕರ ಜೊತೆ ಅರೆಬರೆ ಮಲಯಾಳದಲ್ಲಿ ನಗೆಯಾಡುತ್ತಿದ್ದರು. ನನ್ನನ್ನು ಕಂಡು ನಗು ನಿಲ್ಲಿಸಲಿಲ್ಲ.

"ಬಾ ಕಣಮ್ಮಿ. ಅತ್ಗೆ ಕೈ ಎಂಗದ?"

"ಪರವಾಗಿಲ್ಲ ಮಲ್ಲಣ್ಣ."

ನನ್ನ ಬೈಕಿನಲ್ಲಿ ಆಗ ಅಲ್ಯೂಮಿನಿಯಂ ರಿಮ್ಮೇ ಇತ್ತು, ಅವರು ಮೊದಲು ಹೇಳಿದ್ದೇ. ಅವರು ಕೇಳದೆಯೇ ಮುಂದೆ ಕೂತು ಕಡ್ಡಿಗಳನ್ನು ಒಂದೊಂದಾಗಿ ಒತ್ತಿ ನೋಡಿದರು, ಸಡಿಲವಾಗಿದ್ದ ಒಂದನ್ನು ಬಿಗಿ ಮಾಡಿದರು. ಅವರ ತಲೆ ನನ್ನ ಕೈಯಳತೆಯಲ್ಲಿತ್ತು, ಕೂದಲು ಪೂರ್ತಿ ನರೆತಿತ್ತು.

"ಮಲ್ಲಣ್ಣ, ಅವತ್ತು ಅಂಗಡೀಲಿ..." ಎಂದು ಶುರುಮಾಡಿದೆ.

ಅವರು ತಲೆ ಎತ್ತಲಿಲ್ಲ. "ನೀ ಮಾತಾಡ್ತೀಯ ಅಂತ ಒಸಿ ಹೊತ್ತು ಕಾದೆ ಕಣಮ್ಮಿ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಆಮೇಲೆ ನಾನೇ ಮಾತಾಡ್ದೆ."

ಅಷ್ಟರಲ್ಲಿ ಹಿಂದಿನಿಂದ ಒಂದು ಲಾರಿ ಹಾರ್ನ್ ಹೊಡೆಯಿತು. ನಾನು ಬೈಕನ್ನು ಪಕ್ಕಕ್ಕೆ ತಳ್ಳಿದೆ. ತಿರುಗಿ ನೋಡಿದಾಗ ಅವರನ್ನು ಯಾರೋ ಕರೆದುಕೊಂಡು ಹೋಗುತ್ತಿದ್ದರು. ಹತ್ತು ನಿಮಿಷ ಕಾದಿದ್ದರೆ ಬರುತ್ತಿದ್ದರು. ಡಬ್ಬಿಯಲ್ಲಿ ಮಾದರಿಗಳಿವೆ, ಬಿಸಿಲಿಗೆ ಕೆಡುತ್ತವೆ ಎಂದುಕೊಂಡು ಹೊರಟುಬಿಟ್ಟೆ. ಆಮೇಲೆ ಗುಂಡ್ಲುಪೇಟೆಯ ಕೆಲಸವನ್ನು ಸಹೋದ್ಯೋಗಿಯೊಬ್ಬರಿಗೆ ಬಿಟ್ಟುಕೊಟ್ಟೆ.

ಈ ವರ್ಷ ಒಂದು ದಿನ ಊಟಕ್ಕೆ ಕೂತಾಗ ಅಣ್ಣನೇ ಹೇಳಿದ. "ಇವ್ಳ ಕೈ ಮುರ್ದಾಕ್ದ ಮಲ್ಲಣ್ಣ ಓಗ್ಬುಟ್ನಂತೆ. ಹೋದ ತಿಂಗ್ಳು. ಎದೆನೋವಂತೆ."

ಮುರ್ದಾಕ್ದ ಎಂಬ ಮಾತಿಗೆ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಟ್ಟೆ. ಅನ್ನದ ಮುಂದೆ ಕೂತೇ ಎಲ್ಲವನ್ನೂ ಹೇಳಿದೆ. ಫೋನಿನಲ್ಲಿ ತರಿಸಿದ್ದು, ಅವರು ಬೇಡವೆಂದದ್ದು, ಮೈಸೂರು, ವರಾಂಡ. ಅಣ್ಣ ತಟ್ಟೆಯಲ್ಲೇ ಕೈ ತೊಳೆದು ಎದ್ದುಹೋದ. ಅತ್ತಿಗೆ ತನ್ನ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದುಕೊಂಡು, "ಆ ಪಾರ್ಸಲ್ ಬಂದಾಗ ಸೈನ್ ಮಾಡ್ದೋಳು ನಾನೇ ಅಲ್ವಾ ಸುಮಾ?" ಎಂದಳು. ಇಷ್ಟು ವರ್ಷ ಅವಳೂ ಬಾಯಿಬಿಟ್ಟಿರಲಿಲ್ಲ, ನನ್ನ ಬೈಕು ಉಳಿಯಲೆಂದು.

ಆ ಭಾನುವಾರ ಅಣ್ಣ ನನ್ನ ಹಿಂದೆ ಕುಳಿತು ಗುಂಡ್ಲುಪೇಟೆಗೆ ಬಂದ. ಮಾರುಕಟ್ಟೆಯಲ್ಲಿ ಕೇಳಿ ಮಲ್ಲಣ್ಣನ ಮನೆ ಹುಡುಕಿದೆವು. ಅವರ ಹೆಂಡತಿ ಚಿಕ್ಕತಾಯಮ್ಮ ಜಗಲಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಬೈಕು ಓಡಿಸಿಕೊಂಡು ಬಂದ ಹೆಣ್ಣುಮಗಳನ್ನು ನೋಡಿಯೇ ಗುರುತು ಹಿಡಿದರು, ಮಲ್ಲಣ್ಣ ಹೇಳಿದ್ದಿರಬೇಕು.

"ನೀವು ಆ ಚಾಮರಾಜನಗರದ ಹುಡ್ಗಿ ಅಲ್ವಾ? ಕೂತ್ಕಳಿ. ನಿಮ್ಮತ್ಗೆ ಕೈ ಸರಿ ಓಯ್ತಾ? ನಮ್ಮೋರು ಅದೊಂದು ತಪ್ಪು ಮಾಡ್ಬುಟ್ರು. ಈಗ ಅವರೇ ಇಲ್ಲ. ನೀವು ಮನಸ್ಸಲ್ಲಿ ಇಟ್ಕಬೇಡಿ ಕಣವ್ವ."

ಅಣ್ಣ ಅಂಗಳದಲ್ಲೇ ನಿಂತುಬಿಟ್ಟ. ನಾನು ಅವರ ಮುಂದೆ ನೆಲದ ಮೇಲೆ ಕೂತು, ಮಲ್ಲಣ್ಣ ಆ ಚಕ್ರ ಹಾಕಲೇ ಇಲ್ಲವೆಂದು ಹೇಳಿದೆ. ಎರಡು ಸಲ ಹೇಳಬೇಕಾಯಿತು. ಚಿಕ್ಕತಾಯಮ್ಮನ ಕೈ ನಿಂತಿತು.

"ಅವರು ಹಾಕ್ನಿಲ್ವಾ?"

"ಇಲ್ಲ. ಇದು ಮುರಿಯುತ್ತೆ, ಹಾಕಲ್ಲ ಅಂದಿದ್ರು. ಸುಳ್ಳು ಹೇಳಿದ್ದು ನಾನು."

"ನಂಗೂ ಏಳ್ನಿಲ್ವಲ್ಲ" ಎಂದರು ಅವರು, ತಮಗೆ ತಾವೇ. ಹುಣಸೆಹಣ್ಣನ್ನು ಪಕ್ಕಕ್ಕೆ ಸರಿಸಿದರು. "ಅಂಗಡಿ ಬಾಗ್ಲು ಹಾಕ್ಸಿದ್ದು ಜನ ಅಲ್ಲ, ನಾನು. ನಿಮ್ಗೆ ಕಣ್ಣು ಮಂಜಾಗದ, ಇನ್ಯಾರ ಕೈಕಾಲು ಮುರೀಬೇಕು ಅಂತಿದ್ದೀರಿ ಅಂದೆ. ದಿನಾ ಅಂದೆ. ಕೇಳ್ಕಂಡು ಸುಮ್ಕಿರೋರು. ಹಂಗಾರ ಅವರ ಕಣ್ಣು ಸರಿಯಾಗಿತ್ತಾ?"

"ಸರಿಯಾಗಿತ್ತು."

ಅಂಗಳದಲ್ಲಿ ಅಣ್ಣ ಕೈ ಮುಗಿದುಕೊಂಡು ನಿಂತಿದ್ದ. ಚಿಕ್ಕತಾಯಮ್ಮ ಅವನ ಕಡೆ ನೋಡಲಿಲ್ಲ. ಬೈಯುತ್ತಾರೆಂದು ಕಾದೆ, ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಸೆರಗಿನಿಂದ ಬೆರಳಿನ ಅಂಟು ಒರೆಸಿಕೊಂಡು ಎದ್ದರು, ಬಾಗಿಲಿನ ಚೌಕಟ್ಟು ಹಿಡಿದು ನಿಂತರು.

"ಇದ್ನ ಅವರು ಇದ್ದಾಗ ಬಂದು ಏಳಿದ್ರ," ಎಂದರು, "ನಾನೂ ಅವರ್ಗೆ ಒಂದ್ಮಾತು ಏಳ್ಬೋದಿತ್ತಲ್ಲವ್ವ."