ಪರಂಗಿ ಹಾಲಿನ ಮೇಷ್ಟ್ರು

ನಮ್ಮ ಬಯೋಕೆಮಿಸ್ಟ್ರಿ ಮೇಷ್ಟ್ರ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ಚರ್ಮ ಸುಲಿದು, ಹೊಸದು ಬಂದು, ಅದೂ ಸುಲಿದು, ತುದಿಗಳೆಲ್ಲ ನುಣ್ಣಗೆ ಕೆಂಪಗಾಗಿದ್ದವು. ಹಾಜರಿ ಪುಸ್ತಕದ ಹಾಳೆ ತಿರುವಲು ದಿನಾ ಒದ್ದಾಡುತ್ತಿದ್ದರು. ಕೊನೆಗೆ ಬೇಸತ್ತು, "ಎಲ್ಲಾ ಬಂದಿದೀರಿ ಅಂತ ಹಾಕ್ಕೊಂಡೆ, ಕೂತ್ಕಳ್ರಪ್ಪ" ಎಂದುಬಿಡುತ್ತಿದ್ದರು. ಕ್ಲಾಸಿಗೆ ಚಕ್ಕರ್ ಹೊಡೆಯುವವರಿಗೆ ಅವರ ಮೇಲೆ ಅಷ್ಟು ಪ್ರೀತಿ ಇದ್ದದ್ದು ಇದೇ ಕಾರಣಕ್ಕೆ.

ಬೆರಳು ಹಾಗಾಗಿದ್ದು ಪರಂಗಿಕಾಯಿಯ ಹಾಲಿನಿಂದ. ನಿಟ್ಟೂರಿನ ತಮ್ಮ ತೋಟದ ಬೇಲಿಯಲ್ಲಿದ್ದ ಗಿಡದಿಂದ ಕಾಯಿ ಕಿತ್ತು, ಊಟದ ಡಬ್ಬಿಯ ಜೊತೆ ಚೀಲಕ್ಕೆ ಹಾಕಿಕೊಂಡು, ಬೆಳಗಿನ ಪ್ಯಾಸೆಂಜರ್ ಗಾಡಿಯಲ್ಲಿ ತುಮಕೂರಿಗೆ ಬರುತ್ತಿದ್ದರು. ಲ್ಯಾಬಿನಲ್ಲಿ ಬ್ಲೇಡಿನಿಂದ ಕಾಯಿಗೆ ಗೀರು ಹಾಕಿದರೆ ಬಿಳಿ ಹಾಲು ತೊಟ್ಟಿಕ್ಕುತ್ತಿತ್ತು. ಪ್ರೋಟೀನನ್ನು ಕತ್ತರಿಸುವ ಕಿಣ್ವ ಇರುವುದು ಆ ಹಾಲಿನಲ್ಲಿ. ಅದಕ್ಕೆ ಮಾಂಸದ ತುಂಡೂ ಒಂದೇ, ಮೇಷ್ಟ್ರ ಬೆರಳೂ ಒಂದೇ. ಗ್ಲೋವ್ಸ್ ಹಾಕಿಕೊಳ್ಳಿ ಸರ್ ಎಂದರೆ, "ನೀನು ಸ್ಯಾಂಕ್ಷನ್ ಮಾಡ್ಸಮ್ಮ ಬೆಳ್ಳಾವಿ" ಎನ್ನುತ್ತಿದ್ದರು. ನಾನು ಬೆಳ್ಳಾವಿಯಿಂದ ಬರುತ್ತಿದ್ದವಳು. ಅವರ ಬಾಯಲ್ಲಿ ನನಗೆ ಬೇರೆ ಹೆಸರು ಬರಲೇ ಇಲ್ಲ.

ಪ್ರಯೋಗಕ್ಕೆ ಬೇಕಾಗಿದ್ದ ಇನ್ನೊಂದು ಸಾಮಾನು ಹಳೆಯ ಎಕ್ಸ್‌ರೇ ಫಿಲಂ. ಊರಿನ ಎಕ್ಸ್‌ರೇ ಸೆಂಟರುಗಳಲ್ಲಿ ರದ್ದಿಯಾದದ್ದನ್ನು ಕೇಳಿ ತಂದು, ಮೂಲೆಯಲ್ಲಿದ್ದ ಹೆಸರನ್ನು ಮೊದಲು ಕತ್ತರಿಸಿ ತೆಗೆಯುತ್ತಿದ್ದರು. ಫಿಲಂನ ಕಪ್ಪು ಬಣ್ಣ ಜೆಲಟಿನ್ ಎಂಬ ಪ್ರೋಟೀನಿನ ಪದರದಲ್ಲಿ ಅಂಟಿಕೊಂಡಿರುತ್ತದೆ. ಎರಡೂ ಬದಿಗೆ ಒಂದೇ ಜಾಗದಲ್ಲಿ ಪರಂಗಿ ಹಾಲಿನ ತೊಟ್ಟು ಹಾಕಿ, ಸ್ವಲ್ಪ ಹೊತ್ತು ಬಿಟ್ಟು ನಲ್ಲಿಗೆ ಹಿಡಿದರೆ, ಪದರವೇ ಕಿತ್ತುಹೋಗಿ ಬೆಳಕು ಬರುತ್ತಿತ್ತು. ಪಕ್ಕದಲ್ಲಿ ಕುದಿಸಿದ ಪರಂಗಿ ಹಾಲಿನ ತೊಟ್ಟು ಹಾಕಿಸುತ್ತಿದ್ದರು. ಕುದಿಸಿದರೆ ಕಿಣ್ವ ಕೆಡುತ್ತದೆ, ಅಲ್ಲಿ ಏನೂ ಆಗುತ್ತಿರಲಿಲ್ಲ.

"ನೀವು ತಿಂದ ಕಾಳು ಅರಗ್ಸೋದೂ ಇಂಥ ಕತ್ತರೀನೇ. ಗಾಯ ಮಾಯ್ಸೋದೂ ಇದೇ. ರೋಗದ ಕ್ರಿಮಿ ಮೈಯೊಳಗೆ ದಾರಿ ಮಾಡ್ಕೊಳೋದೂ ಇದ್ರಿಂದಾನೇ, ಕ್ಯಾನ್ಸರ್ ಗೆಡ್ಡೆ ಗೋಡೆ ಕೊರ್ಕೊಂಡು ಆಚೆ ಬರೋದೂ ಇದ್ರಿಂದಾನೇ. ಕತ್ತರಿ ಮೇಲೆ ಕೋಪ ಮಾಡ್ಕೊಂಡು ಏನ್ ಮಾಡ್ತೀರ?" ಪ್ರತಿ ಬ್ಯಾಚಿಗೂ ಇದನ್ನೇ, ಅದೇ ದಣಿದ ದನಿಯಲ್ಲಿ ಹೇಳುತ್ತಿದ್ದರಂತೆ.

ಎರಡು ಸಾವಿರದ ಆಸುಪಾಸು, ನಮ್ಮ ಕೊನೆಯ ವರ್ಷ, ಅವರಿಗೆ ಬಿಡದ ಕೆಮ್ಮು ಹಿಡಿಯಿತು. ಬೆಂಗಳೂರಿನಲ್ಲಿ ಶ್ವಾಸಕೋಶದ ಕ್ಯಾನ್ಸರ್ ಎಂದರು. ಒಂದಷ್ಟು ದಿನ ರಜೆ ಹಾಕಿ ಮತ್ತೆ ಬಂದರು. "ಮನೇಲಿದ್ರೆ ಬಂದೋರೆಲ್ಲ ನನ್ನ ಮುಖಾನೇ ನೋಡ್ತಾರಮ್ಮ" ಎಂದು ಚೀಲದಿಂದ ಒಂದು ಫಿಲಂ ತೆಗೆದು ನನ್ನ ಮುಂದಿಟ್ಟರು. ಎದೆಯ ಎಕ್ಸ್‌ರೇ. ಶ್ವಾಸಕೋಶದ ಕಪ್ಪಿನ ನಡುವೆ ಬೆಳ್ಳನೆಯ ಮಚ್ಚೆ. ಮೂಲೆಯಲ್ಲಿ ಅವರದೇ ಹೆಸರು, ಕತ್ತರಿಸದೆ ಹಾಗೇ ಇತ್ತು.

"ಇದು ಬೇಡ ಸರ್" ಎಂದೆ.

"ಬೆಂಗಳೂರಲ್ಲಿ ಹೊಸ್ದು ತೆಗ್ದವ್ರೆ, ಇದು ವೇಸ್ಟು. ಹಾಕು."

ಹಾಕಿದೆ. ತೊಳೆದು ಕಿಟಕಿಗೆ ಹಿಡಿದಾಗ, ನಾನು ಹಾಕಿದ ತೊಟ್ಟಿನ ಗುರುತೂ ಆ ಮಚ್ಚೆಯೂ ಪಕ್ಕಪಕ್ಕದಲ್ಲಿ ಒಂದೇ ಥರ ಬೆಳ್ಳಗಿದ್ದವು. ಮೇಷ್ಟ್ರು ಸುಮಾರು ಹೊತ್ತು ನೋಡಿ, "ರಿಸಲ್ಟ್ ಚೆನ್ನಾಗ್ ಬಂದಿದೆ, ಬರ್ಕೊಳ್ಳಿ" ಎಂದರು. ನನಗೆ ಅಳು ಬಂತು. ಅವರ ಮೇಲೆ ಸಿಟ್ಟೂ ಬಂತು.

"ಕತ್ತರಿ ಕಟ್ಟಿಹಾಕೋ ಔಷಧಿ ಎಚ್‌ಐವಿಗೆ ಬಂದಿದೆ ಅಂದ್ರಲ್ಲ ಸರ್. ಇದಕ್ಯಾಕಿಲ್ಲ?"

"ಅದು ವೈರಸ್ಸಿನ ಸ್ವಂತ ಕತ್ತರಿ. ಅದೊಂದನ್ನೇ ಹಿಡ್ಕೊಬೋದು. ಇದಕ್ಕೂ ಟ್ರೈ ಮಾಡವ್ರೆ. ಪೇಷಂಟ್‌ಗಳಿಗೆ ಕೀಲುನೋವು ಬಂತಂತೆ, ಗೆಡ್ಡೆ ನಿಲ್ಲಲಿಲ್ಲ." ಪರೀಕ್ಷೆಗೆಂದು ಆಸ್ಪತ್ರೆಯಲ್ಲಿ ಗಂಟಿನ ಚೂರು ತೆಗೆದಿದ್ದ ಕತ್ತಿನ ಗಾಯ ತೋರಿಸಿದರು. "ನೋಡು, ಎಷ್ಟು ನೀಟಾಗಿ ಮಾಯ್ದಿದೆ. ಇದೂ ಅವೇ ಮಾಡಿದ್ದು. ನಮ್ಮವೇ ಕಣಮ್ಮ, ಯಾರನ್ನ ಕಟ್ಟಿಹಾಕ್ತೀಯ?"

ಆಮೇಲೆ ಅವರು ಬ್ಲೇಡನ್ನು ನನ್ನ ಕಡೆಗೆ ಸರಿಸತೊಡಗಿದರು. ಕಾಯಿ ಗೀರುವ ಕೆಲಸ ನನಗೆ ಬಂತು. ಅವರು ಬರುವುದೇ ನಿಂತ ಮೇಲೆ ಕಾಯಿ ತರುವ ನೆಪದಲ್ಲಿ ನಿಟ್ಟೂರಿಗೆ ಹೋದೆ. ಅವರ ಹೆಂಡತಿ ನನ್ನ ಕೈಗೆ ಕಾಫಿ ಕೊಟ್ಟು ಎದುರಿಗೇ ಕೂತರು.

"ಆ ಕತ್ತರ್ಸೋದನ್ನೇ ಇಷ್ಟು ವರ್ಷದಿಂದ ಪಾಠ ಮಾಡವ್ರೆ. ಅದನ್ನ ನಿಲ್ಸೋಕೆ ಏನೂ ಇಲ್ವೇನವ್ವ? ನೀನೂ ಅದನ್ನೇ ಓದ್ತಿದೀಯಲ್ಲ, ಹೇಳು."

ಒಳಗಿನ ಮಂಚದಿಂದ ಮೇಷ್ಟ್ರ ದನಿ ಬಂತು: "ಆ ಮಗೂನ ಯಾಕೆ ಕೇಳ್ತೀಯೆ, ಪಾಸಾದ್ರೆ ಸಾಕು ಬುಡು."

ನಮ್ಮ ಪರೀಕ್ಷೆಗೆ ಮುಂಚೆಯೇ ತೀರಿಕೊಂಡರು.

ಈಗ ಅದೇ ಲ್ಯಾಬಿನಲ್ಲಿ ಪಾಠ ಮಾಡುವವಳು ನಾನು. ಎಕ್ಸ್‌ರೇ ಎಲ್ಲ ಕಂಪ್ಯೂಟರಿಗೆ ಹೋಗಿ ಹಳೆಯ ಥರದ ಫಿಲಂ ಸಿಗುವುದೇ ಕಷ್ಟವಾಗಿದೆ. ಗ್ಲೋವ್ಸ್ ಇನ್ನೂ ಸ್ಯಾಂಕ್ಷನ್ ಆಗಿಲ್ಲ. ಪ್ರತಿ ವರ್ಷ ಯಾರಾದರೊಬ್ಬರು ನಾನು ಕೇಳಿದ್ದನ್ನೇ ಕೇಳುತ್ತಾರೆ. "ಹುಡುಕ್ತಾ ಇದಾರೆ" ಎನ್ನುತ್ತೇನೆ. ನನ್ನ ದನಿ ನನಗೇ ಮೇಷ್ಟ್ರ ದನಿಯಂತೆ ಕೇಳಿಸುತ್ತದೆ.

ಈ ವರ್ಷ ಮೇಷ್ಟ್ರ ವಾರ್ಷಿಕ ತಿಥಿಗೆ ಹೋಗಿದ್ದೆ. ಹೊರಡುವಾಗ ಅವರ ಹೆಂಡತಿ ಒಂದು ಚೀಲ ಪರಂಗಿಕಾಯಿ ತಂದು, "ಕಾಲೇಜ್ಗೆ ತಗೊಂಡೋಗವ್ವ, ಇಲ್ಲಿ ಸುಮ್ಕೆ ಹಣ್ಣಾಗಿ ಉದುರ್ತವೆ" ಎಂದರು. ಚೀಲ ಕೊಡುವಾಗ ಅವರ ಕೈ ನನ್ನ ಕೈಗೆ ತಾಗಿತು. ತಟ್ಟನೆ ನಿಂತರು. ಚೀಲ ಕೆಳಗಿಟ್ಟು, ನನ್ನ ಅಂಗೈ ತಿರುವಿ, ಬೆರಳ ತುದಿಗಳನ್ನು ಒಂದೊಂದಾಗಿ ತಡವಿದರು.

"ನಿಂಗೂ ಗೆರೆ ಹೋಗವಲ್ಲವ್ವ."

ನಿಲ್ಲಿಸೋಕೆ ಏನೂ ಇಲ್ಲವೇ ಎಂದು ಅವರು ಅವತ್ತು ಕೇಳಿದ್ದಕ್ಕೆ ಇವತ್ತಾದರೂ ಏನಾದರೂ ಹೇಳಬೇಕಿತ್ತು. ಗಾಡಿಗೆ ಹೊತ್ತಾಯಿತು ಎಂದು ಯಾರೋ ಕೂಗಿದರು. ಅವರು ನನ್ನ ಬೆರಳು ಬಿಡಲಿಲ್ಲ.