ಲಿಫ್ಟ್ ಬರುವ ಮೊದಲೇ ಸನ್ಮಾನ

ಕಳೆದ ವಾರ ನ್ಯೂಆರ್ಕ್ ಏರ್‌ಪೋರ್ಟಿನಿಂದ ಒಬ್ಬರನ್ನು ನನ್ನ ಟ್ಯಾಕ್ಸಿಯಲ್ಲಿ ಫೋರ್ಟ್ ಲೀಗೆ ಕರೆದುಕೊಂಡು ಹೋಗುತ್ತಿದ್ದೆ. ಬೆಂಗಳೂರಿನಿಂದ ಆಗಷ್ಟೇ ಇಳಿದವರು. ಸೂಟ್‌ಕೇಸುಗಳನ್ನೆಲ್ಲ ಡಿಕ್ಕಿಗೆ ಹಾಕಲು ಬಿಟ್ಟು, ಒಂದು ಪ್ಲಾಸ್ಟಿಕ್ ಚೀಲವನ್ನು ಮಾತ್ರ ತೊಡೆಯ ಮೇಲೆ ಇಟ್ಟುಕೊಂಡು ಕೂತರು. ಚಳಿಗೆ ಹೀಟರ್ ಹಾಕಿದ್ದೆ. ಟರ್ನ್‌ಪೈಕ್ ಹೆದ್ದಾರಿ ಹತ್ತುವಷ್ಟರಲ್ಲಿ ಕಾರಿನ ತುಂಬ ಗಂಧದ ವಾಸನೆ. ಮರದ ಹೊಟ್ಟನ್ನು ಹೂವಿನ ಹಾಗೆ ಸುತ್ತಿ ಪೋಣಿಸಿ, ಮೇಲೆ ಸೆಂಟು ಹೊಡೆದಿರುತ್ತಾರಲ್ಲ, ಆ ಗಂಧದ ಹಾರ. "ನಮ್ಮ ಕೂಟದ ಫಂಕ್ಷನ್ ಇದೆ, ಸನ್ಮಾನಕ್ಕೆ ತಂದೆ" ಅಂದರು. "ಹೌದಾ ಸರ್" ಅಂದೆ. ನನಗೆ ಮೆಂಬರಕ್ಕ ನೆನಪಾಗಿದ್ದರು...

ಮೆಂಬರಕ್ಕ ಅಂತ ಕರೆಯುತ್ತಿದ್ದವನು ನಾನೊಬ್ಬನೇ. ಉಳಿದವರಿಗೆಲ್ಲ ಅವರು ಆಂಟಿ. ಗದಗದ ಕಡೆಯ ಒಂದು ಸಣ್ಣ ಊರಿನ ಪುರಸಭೆಯಲ್ಲಿ ಒಂದು ಅವಧಿಗೆ ಮೆಂಬರ್ ಆಗಿದ್ದರಂತೆ. ಮಹಿಳಾ ಮೀಸಲಾತಿಯ ಸೀಟು, ಮನೆಯವರು ಹೆಸರಿಗೆ ನಿಲ್ಲಿಸಿದರು, ಇವರು ನಿಜವಾಗಿಯೇ ಮೆಂಬರ್ ಆಗಿಬಿಟ್ಟರು. ಆಮೇಲೆ ಮಗಳು ಗಂಡನ ಸಮೇತ ಇವರನ್ನು ಅಮೇರಿಕಕ್ಕೆ ಕರೆಸಿಕೊಂಡಳು. ಮಗಳ ಕೆಲಸ ಟೆಕ್ಸಸ್‌ಗೆ ಬದಲಾದಾಗ ಇವರು ಗಂಡ ಹೆಂಡತಿ ಇಬ್ಬರೂ ನ್ಯೂಜೆರ್ಸಿ ಬಿಟ್ಟು ಹೋಗಲಿಲ್ಲ. ಕೇಳಿದರೆ, "ಸಿಟಿಜನ್ ಆಗೇನಿ ತಮ್ಮಾ, ನನ್ನ ವೋಟ್ ಇಲ್ಲೈತಿ" ಅನ್ನುತ್ತಿದ್ದರು.

ಇಲ್ಲಿನ ನಮ್ಮ ಊರು ವುಡ್‌ಬ್ರಿಡ್ಜಿನಿಂದ ದೂರವೇನಿಲ್ಲ. ಹೆಸರು ಬೇಡ, ಈ ಕಥೆಯಲ್ಲಿ ಬರುವವರು ಇನ್ನೂ ಅಧಿಕಾರದ ಕುರ್ಚಿಯಲ್ಲಿದ್ದಾರೆ. ಊರಿನ ಸರ್ಕಾರವೇ ವಯಸ್ಸಾದವರಿಗೆ ಅಂತ ಕಟ್ಟಿಸಿದ ಐದು ಅಂತಸ್ತಿನ ಕಟ್ಟಡ ಒಂದಿತ್ತು. ಅವರ ಮನೆ ಅದರ ನಾಲ್ಕನೇ ಫ್ಲೋರಿನಲ್ಲಿ. ನಾನು ಹಿಂದಿನ ಬೀದಿಯಲ್ಲಿದ್ದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಅರಸೀಕೆರೆಯಲ್ಲಿ ಲಾರಿ ಕ್ಲೀನರ್, ಆಮೇಲೆ ಡ್ರೈವರ್, ಹೆಂಡತಿಯ ಅಣ್ಣ ಕರೆಸಿಕೊಂಡ ಮೇಲೆ ಇಲ್ಲಿ ಟ್ಯಾಕ್ಸಿ. ಯಾರ ಮುಂದೆಯೂ ಕೈ ಚಾಚದೆ ದುಡಿದು ತಿಂದವನು. ಆ ಇಬ್ಬರನ್ನು ಡಾಕ್ಟರ ಹತ್ತಿರ, ಅಂಗಡಿಗೆ ಕರೆದುಕೊಂಡು ಹೋಗಿ ಬಂದು ಮಾಡಿ ಪರಿಚಯವಾಗಿತ್ತು.

ಮೆಂಬರಕ್ಕನ ಗಂಡನಿಗೆ, ನಾವೆಲ್ಲ ಅಂಕಲ್ ಅನ್ನುತ್ತಿದ್ದೆವು, ಸ್ಟ್ರೋಕ್ ಆಗಿ ಗಾಲಿಕುರ್ಚಿ ಬಂತು. ಅದೇ ಸಮಯಕ್ಕೆ ಲಿಫ್ಟ್ ಕೆಟ್ಟಿತು. ಒಂದು ವಾರ ಅಂದರು, ತಿಂಗಳು ಅಂದರು, ಎಲೆಗಳು ಉದುರಿ ಹಿಮ ಬಿತ್ತು. ಡಾಕ್ಟರ ಹತ್ತಿರ ಹೋಗಬೇಕಾದಾಗ ಆಂಬುಲೆನ್ಸಿನ ಇಬ್ಬರು ಹುಡುಗರು ಅವರನ್ನು ಕುರ್ಚಿಗೆ ಬಿಗಿದು ಮೆಟ್ಟಿಲಿಳಿಸುತ್ತಿದ್ದರು. ಒಂದು ಸಲ ತಿರುವಿನಲ್ಲಿ ಕುರ್ಚಿ ವಾಲಿ ಅಂಕಲ್ ಕೂಗಿಕೊಂಡರು. ಅದಾದ ಮೇಲೆ "ನಾ ಇನ್ನು ಇಳಿಯಂಗಿಲ್ಲ" ಅಂತ ಹಟ ಹಿಡಿದರು. ಕಿಟಕಿಯ ಪಕ್ಕ ಕೂತು ಕೆಳಗಿನ ಬೆಂಚು ನೋಡುವುದೇ ಅವರ ದಿನವಾಯಿತು. ಆ ಬೆಂಚಿನಲ್ಲಿ ಹಿಂದಿನ ಬೇಸಿಗೆಯೆಲ್ಲ ಒಬ್ಬ ಇಟಾಲಿಯನ್ ಮುದುಕನ ಜೊತೆ ಕೂತು, ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದೆ, ಗಂಟೆಗಟ್ಟಲೆ ಮಾತಾಡುತ್ತಿದ್ದ ಮನುಷ್ಯ ಅವರು.

ಮೆಂಬರಕ್ಕನಿಗೆ ಬೇಕಾಗಿದ್ದು ಅದೊಂದೇ. ಗಂಡ ಕೆಳಗಿಳಿದು ಆ ಬೆಂಚಿನ ಪಕ್ಕ ಕೂರಬೇಕು.

"ತಮ್ಮಾ, ಇಲ್ಲಿ ಪುರಸಭೆ ಮೀಟಿಂಗ್ ಎಲ್ಲಿ ಮಾಡ್ತಾರ?" ಅಂತ ಒಂದು ದಿನ ಕೇಳಿದರು.

"ಟೌನ್ ಹಾಲಲ್ಲಿ ಅಕ್ಕ. ಅದೆಲ್ಲ ಓದಿದೋರ ವ್ಯವಹಾರ, ನಮಗ್ಯಾಕೆ?"

"ಓದಿದವ್ರು ಬರ್ತಾರೇನು ಮೀಟಿಂಗಿಗೆ? ಅವ್ರಿಗೆ ಪುರಸೊತ್ತೆಲ್ಲೈತಿ. ಗಾಡಿ ತೆಗಿ."

ಹೀಗೆ ನಾನು ಮೊದಲ ಸಲ ಟೌನ್ ಹಾಲಿನ ಒಳಗೆ ಕಾಲಿಟ್ಟೆ. ಎತ್ತರದ ಮೇಜಿನ ಹಿಂದೆ ಕೌನ್ಸಿಲಿನವರು, ಅಂದರೆ ಇಲ್ಲಿಯ ಮೆಂಬರುಗಳು, ಸಾಲಾಗಿ ಕೂತಿದ್ದರು. ಕೊನೆಯಲ್ಲಿ ಜನರಿಗೂ ಮಾತಾಡಲು ಬಿಡುತ್ತಾರೆ. ಮೆಂಬರಕ್ಕ ಇಳಕಲ್ ಸೀರೆಯ ಮೇಲೆ ದಪ್ಪ ಜಾಕೆಟ್ ಹಾಕಿಕೊಂಡು, ಮೈಕಿನ ಮುಂದೆ ನಿಂತು, ತಮ್ಮದೇ ಇಂಗ್ಲಿಷಿನಲ್ಲಿ ಹೇಳಿದರು: "ಗುಡ್ ಈವನಿಂಗ್. ಮೈ ಹಸ್ಬೆಂಡ್, ಫೋರ್ತ್ ಫ್ಲೋರ್. ಲಿಫ್ಟ್, ವೆನ್?"

ಮನೆಗಳ ವಿಚಾರ ನೋಡಿಕೊಳ್ಳುವ ಕೌನ್ಸಿಲ್‌ಮನ್ ಒಬ್ಬನಿದ್ದ. ಕೆಂಪು ಮುಖದ, ಅಗಲ ಭುಜದ, ಒಳ್ಳೆಯ ನಗುವಿನ ಮನುಷ್ಯ. ದುಡ್ಡು ಸ್ಟೇಟಿನಿಂದ ಬರಬೇಕು, ಕೌಂಟಿಯವರು ಒಪ್ಪಬೇಕು, ಪಾರ್ಟ್ ಆರ್ಡರ್ ಆಗಿದೆ ಅಂತ ನಿಧಾನವಾಗಿ ವಿವರಿಸಿದ. ವಾಪಸ್ ಬರುವಾಗ ಕಾರಿನಲ್ಲಿ ಮೆಂಬರಕ್ಕನಿಗೆ ನಗು ತಡೆಯಲಾಗಲಿಲ್ಲ.

"ಜಿಲ್ಲಾದಿಂದ ಬರಬೇಕು, ಬೆಂಗಳೂರಿನಿಂದ ಬರಬೇಕು... ಇದನ್ನ ನಾ ಎಷ್ಟು ಮಂದಿಗೆ ಹೇಳೇನಿ ಗೊತ್ತೇನು? ಈಗ ನನಗs ಹೇಳ್ತಾನಲ್ಲೋ ಇವ!"

ಪ್ರತಿ ಮೀಟಿಂಗಿಗೂ ಹೋದೆವು. ಅದೇ ಪ್ರಶ್ನೆ, ಅದೇ ನಗು, ಅದೇ ಉತ್ತರ. ಮನೆಯಲ್ಲಿ ಅಂಕಲ್ ಕಾಲೆಳೆಯುತ್ತಿದ್ದರು. ಸ್ಟ್ರೋಕಿನಿಂದ ಮಾತು ತೊದಲುತ್ತಿತ್ತು, ಆದರೆ ಕುಚೋದ್ಯ ತೊದಲುತ್ತಿರಲಿಲ್ಲ. "ಬಂದ್ರೇನ್ರಿ ಮೆಂಬರ್ ಸಾಹೇಬ್ರು? ಏನ್ ಮಂಜೂರಾತು ಇವತ್ತು?" ಅನ್ನುತ್ತಿದ್ದರು. ಇವರು ಮಫ್ಲರ್ ಬಿಚ್ಚುತ್ತ, "ಸುಮ್ನ ಕುಂದರ್ರಿ, ನಿಮ್ಮ ಸಲುವಾಗೆ ತಿರುಗಾಕತ್ತೇನಿ" ಅನ್ನುವರು. ಹಾಗೆ ಅಂದ ಮೇಲೆ ಅವರ ಕಾಲಿನ ಶಾಲನ್ನು ಸರಿಮಾಡದೆ ಒಳಗೆ ಹೋಗುತ್ತಿರಲಿಲ್ಲ.

ಫೆಬ್ರವರಿಯ ಒಂದು ಮೀಟಿಂಗಿನಲ್ಲಿ ಆ ಕೌನ್ಸಿಲ್‌ಮನ್ ಬೇಸತ್ತೋ ಕನಿಕರದಿಂದಲೋ, "ಈಸ್ಟರ್ ಹಬ್ಬಕ್ಕೆ ಮುಂಚೆ ಲಿಫ್ಟ್ ಓಡುತ್ತದೆ, ಮಾತು ಕೊಡುತ್ತೇನೆ" ಅಂದುಬಿಟ್ಟ. ಕಾರು ಹತ್ತಿದ ಕೂಡಲೇ ಮೆಂಬರಕ್ಕ, "ನಾಳೆ ಓಕ್ ಟ್ರೀ ರೋಡಿನ ನಮ್ಮ ಮಂದಿ ಅಂಗಡಿಗೆ ಹೋಗೂಣು, ಶಾಲು ತರಬೇಕು" ಅಂದರು.

"ಯಾರಿಗೆ ಅಕ್ಕ?"

"ಅವಂಗs. ಸನ್ಮಾನ ಮಾಡಬೇಕು."

"ಲಿಫ್ಟೇ ಬಂದಿಲ್ವಲ್ಲ!"

"ಬಂದ ಮ್ಯಾಲೆ ಮಾಡಿದ್ರ ಅದಕ್ಕೇನು ಬೆಲಿ?" ಅಂತ ತಮ್ಮ ಊರಿನ ಕಥೆ ಹೇಳಿದರು. ಅವರು ಮೆಂಬರ್ ಆದ ಹೊಸತರಲ್ಲಿ ಒಂದು ಓಣಿಯವರಿಗೆ ನೀರಿನ ನಳ ಹಾಕಿಸುತ್ತೇನೆ ಅಂದಿದ್ದರಂತೆ. ಓಣಿಯ ಹೆಂಗಸರು ಮರುದಿನವೇ ಚಪ್ಪರ ಹಾಕಿ, ಶಾಲು ಹೊದಿಸಿ, ಹಾರ ಹಾಕಿ ಕಳಿಸಿದರು. ಆಮೇಲೆ ದಿನಾ ಬೆಳಿಗ್ಗೆ ಖಾಲಿ ಕೊಡ ಹಿಡಿದು ಇವರ ಕಟ್ಟೆಯ ಮುಂದೆ ಸುಮ್ಮನೆ ನಿಲ್ಲುತ್ತಿದ್ದರಂತೆ. "ಬೈದಿದ್ರ ತಡ್ಕೋತಿದ್ದೆ ತಮ್ಮಾ. ಶಾಲು ಹೊದಿಸಿದವ್ರ ಮುಂದ ತಲಿ ಎತ್ತಾಕ ಆಗಲಿಲ್ಲ. ನಳ ಬರೂತನಾ ನಿದ್ದಿ ಮಾಡಲಿಲ್ಲ."

ಇದು ಅಮೇರಿಕ, ಇಲ್ಲಿ ಇದೆಲ್ಲ ನಡೆಯಲ್ಲ ಅಂತ ನಾನು ಹೇಳಿ ನೋಡಿದೆ. ಕೇಳುವವರೇ ಅಲ್ಲ. ಮುಂದಿನ ಮೀಟಿಂಗಿಗೆ ಜರಿ ಅಂಚಿನ ಶಾಲು, ಗಂಧದ ಹಾರ, ಸ್ಟೀಲ್ ತಟ್ಟೆಯಲ್ಲಿ ತೆಂಗಿನಕಾಯಿ, ಬಾಳೆಹಣ್ಣು. ಹೆಸರು ಕರೆದಾಗ ಮೈಕಿನ ಹತ್ತಿರ ಹೋಗದೆ ಸೀದಾ ಎತ್ತರದ ಮೇಜಿನ ಕಡೆ ನಡೆದರು. ಬಾಗಿಲಲ್ಲಿದ್ದ ಪೊಲೀಸ್ ಎದ್ದು ನಿಂತ. ತಟ್ಟೆ ಹಿಡಿದುಕೊಂಡಿದ್ದ ನಾನು ತೆಂಗಿನಕಾಯಿಯ ಮೇಲೆ ಅಂಗೈ ಮುಚ್ಚಿದೆ, ಅದನ್ನು ಇವರು ಏನೆಂದುಕೊಳ್ಳುತ್ತಾರೋ ಅಂತ. ಅಷ್ಟರಲ್ಲಿ ಹಾರ ಆ ಮನುಷ್ಯನ ಕೊರಳಲ್ಲಿತ್ತು. ಶಾಲು ಹೊದಿಸಿ, ಎರಡು ಹೆಜ್ಜೆ ಹಿಂದೆ ಸರಿದು, ಕೈ ಮುಗಿದರು. ಆಮೇಲೆ ಮೈಕಿಗೆ ಬಂದು, ಹಿಂದಿನ ದಿನ ನನ್ನ ಕಾರಿನಲ್ಲಿ ಅಭ್ಯಾಸ ಮಾಡಿದ್ದನ್ನು ಹೇಳಿದರು. ನಮ್ಮ ಕಡೆ ಮೊದಲು ಮರ್ಯಾದೆ ಮಾಡುತ್ತೇವೆ, ಆಮೇಲೆ ಕೆಲಸ ಕೇಳುತ್ತೇವೆ. ಈಗ ಎಲ್ಲರೂ ನೋಡಿದ್ದೀರಿ.

ಟೌನಿನ ವಕೀಲ ಎದ್ದುನಿಂತು, ಕೌನ್ಸಿಲಿನವರು ಯಾರಿಂದಲೂ ಉಡುಗೊರೆ ತೆಗೆದುಕೊಳ್ಳುವ ಹಾಗಿಲ್ಲ, ವಾಪಸ್ ಕೊಡಿ ಅಂದ. ಕೌನ್ಸಿಲ್‌ಮನ್ ಕೆಂಪು ಮುಖ ಇನ್ನೂ ಕೆಂಪಾಗಿ ಹಾರ ತೆಗೆದು ಚಾಚಿದ. ಮೆಂಬರಕ್ಕ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡರು. ಕೊರಳಿಗೆ ಹಾಕಿದ್ದನ್ನು ವಾಪಸ್ ತೆಗೆದುಕೊಳ್ಳುವುದುಂಟೇ... ವಕೀಲ ತಲೆ ಕೆರೆದುಕೊಂಡು, ಹಾಗಾದರೆ ಇದು ಟೌನಿನ ಆಸ್ತಿ, ಕ್ಲರ್ಕ್ ಇಟ್ಟುಕೊಳ್ಳಲಿ ಅಂದ.

ಟೌನಿನವರು ಪ್ರತಿ ಮೀಟಿಂಗನ್ನೂ ವಿಡಿಯೋ ಮಾಡಿ ಹಾಕುತ್ತಾರೆ, ಆ ವಿಡಿಯೋ ನಮ್ಮವರ ವಾಟ್ಸಾಪ್ ಗುಂಪುಗಳಲ್ಲೆಲ್ಲ ಓಡಾಡಿತು. ಮುಂದಿನ ಭಾನುವಾರ ದೇವಸ್ಥಾನದಲ್ಲಿ ಒಬ್ಬ ಹುಡುಗ, ದೊಡ್ಡ ಕಂಪನಿಯಲ್ಲಿದ್ದವನು, ಹತ್ತಿರ ಬಂದ. "ಆಂಟಿ, ಇಟ್ ವಾಸ್ ಸೋ ಎಂಬ್ಯಾರಸಿಂಗ್. ಆಫೀಸಲ್ಲಿ ಎಲ್ಲಾ ಕೇಳ್ತಿದಾರೆ. ನನಗೇ ನಾಚಿಕೆ ಆಯ್ತು."

"ನಿನಗs ಆತೇನು?" ಅಂದರು ಮೆಂಬರಕ್ಕ, ಕೋಸಂಬರಿ ತಿನ್ನುತ್ತ. "ಛಲೋ ಆತು ಬಿಡು. ಹಂಗಾರ ಅವಂಗೂ ಆಗಿರತೈತಿ."

ಕ್ಲರ್ಕ್ ಕಚೇರಿಯಲ್ಲಿದ್ದ ಕರಿಯ ಹೆಂಗಸು ಗಟ್ಟಿಗಿತ್ತಿ. ಹಾರವನ್ನು ಬೀರುವಿಗೆ ಹಾಕದೆ ತನ್ನ ಕಿಟಕಿಯ ಪಕ್ಕದ ಮೊಳೆಗೆ ತೂಗುಹಾಕಿದಳು. ಪಾರ್ಕಿಂಗ್ ಪರ್ಮಿಟ್‌ಗೆ, ನಾಯಿಯ ಲೈಸನ್ಸಿಗೆ, ಮದುವೆ ಸರ್ಟಿಫಿಕೇಟಿಗೆ ಬಂದವರೆಲ್ಲ ಆ ವಾಸನೆಗೆ ತಲೆ ಎತ್ತಿ, "ಏನಿದು?" ಅನ್ನುತ್ತಿದ್ದರು. ಅವಳು ಕಥೆ ಹೇಳುವಳು. ಕೇಳಿದವರು ಕೊನೆಗೆ ಒಂದೇ ಮಾತು ಕೇಳುವರು, "ಮತ್ತೆ ಲಿಫ್ಟ್ ಬಂತಾ?" ಕಿರಾಣಿ ಅಂಗಡಿಯಲ್ಲಿ, ಚರ್ಚಿನಲ್ಲಿ, ಮಕ್ಕಳ ಬೇಸ್‌ಬಾಲ್ ಆಟದ ಹತ್ತಿರ ಎಲ್ಲರೂ ಆ ಕೌನ್ಸಿಲ್‌ಮನ್‌ನನ್ನು ಅದನ್ನೇ ಕೇಳತೊಡಗಿದರು. ಅವನೇ ಆಮೇಲೆ ನನಗೆ ಹೇಳಿದ, "ಮನೆಗೆ ಹೋದರೆ ನನ್ನ ಹೆಂಡತಿಯೂ ಲಿಫ್ಟ್ ಎಲ್ಲಿ ಅನ್ನುತ್ತಾಳಪ್ಪ!"

ಈಸ್ಟರ್ ಕಳೆದು ಎರಡು ವಾರಕ್ಕೆ ಲಿಫ್ಟ್ ಬಂತು. ಸ್ಟೇಟೂ ಕೌಂಟಿಯೂ ಆಗ ಏನಂದವೋ, ಯಾರೂ ಹೇಳಲಿಲ್ಲ. ಆ ದಿನ ಕೌನ್ಸಿಲ್‌ಮನ್ ತಾನೇ ಬಂದು ಬಟನ್ ಒತ್ತಿ ಬಾಗಿಲು ಹಿಡಿದು ನಿಂತ. ಅಂಕಲ್‌ಗೆ ಕೋಟು, ಟೋಪಿ, ಕೈಗವಸು ಎಲ್ಲ ಹಾಕಿ, ಕುರ್ಚಿ ತಳ್ಳಿಕೊಂಡು ಇಳಿದೆವು. ಇಟಾಲಿಯನ್ ಮುದುಕ ಬೆಂಚಿನಿಂದ ಎದ್ದು ಇವರ ಎರಡೂ ಕೆನ್ನೆ ಹಿಡಿದುಕೊಂಡ. ಬಿಸಿಲಿತ್ತು, ಗಾಳಿಯೂ ಇತ್ತು. ಅಂಕಲ್ ಸ್ವಲ್ಪ ಹೊತ್ತು ರಸ್ತೆ ನೋಡಿದರು, ಕಾರು ನೋಡಿದರು, ತಮ್ಮದೇ ಕಿಟಕಿಯನ್ನು ಕೆಳಗಿನಿಂದ ನೋಡಿದರು. ಆಮೇಲೆ, "ಥಂಡಿ ಐತಿ. ನಡಿ ಮ್ಯಾಲೆ" ಅಂದರು.

ನನಗೆ ಅಯ್ಯೋ ಅನ್ನಿಸಿತು. ಒಂದಿಡೀ ಚಳಿಗಾಲ ಓಡಾಡಿದ್ದು ಇಷ್ಟಕ್ಕೇನಾ ಅಂತ. ಮೆಂಬರಕ್ಕ ಮಾತ್ರ ನಗುನಗುತ್ತ ಕುರ್ಚಿ ತಿರುಗಿಸಿದರು. "ನಡ್ರಿ, ನಡ್ರಿ. ನಾಳೆ ಮತ್ತ ಬರೂಣು. ಈಗೇನು, ಬೇಕಂದಾಗ ಬರಬೌದು, ಬ್ಯಾಡಂದಾಗ ಹೋಗಬೌದು." ಲಿಫ್ಟಿನ ಬಾಗಿಲು ಮುಚ್ಚುವಾಗ ಅವರು ಸೆರಗಿನಿಂದ ಕಣ್ಣೊರೆಸಿಕೊಂಡಿದ್ದು ನನಗೆ ಕಂಡಿತು. ಅಂಕಲ್‌ಗೂ ಕಂಡಿರಬೇಕು. ಇನ್ನೂ ಆಡುತ್ತಿದ್ದ ಒಂದು ಕೈಯನ್ನು ಹಿಂದಕ್ಕೆ ಚಾಚಿ ಹೆಂಡತಿಯ ಕೈ ಹುಡುಕುತ್ತಿದ್ದರು...

ಆ ಬೇಸಿಗೆಯೆಲ್ಲ ಅಂಕಲ್ ಬೆಂಚಿನ ಪಕ್ಕ ಕೂತರು. ಮುಂದಿನ ಚಳಿಗಾಲ ದಾಟಲಿಲ್ಲ. ಅವರನ್ನು ಕೆಳಗೆ ತಂದಿದ್ದು ಅದೇ ಲಿಫ್ಟಿನಲ್ಲಿ, ನಿಧಾನವಾಗಿ, ಎಲ್ಲೂ ಅಲುಗದ ಹಾಗೆ. ದಿನಕರ್ಮ ಮುಗಿದ ಮೇಲೆ ಮೆಂಬರಕ್ಕ ನನಗೆ ಫೋನ್ ಮಾಡಿದರು. ಅಂಗಡಿಗೇನೋ ಅಂದುಕೊಂಡೆ. "ಇವತ್ತು ಮೀಟಿಂಗ್ ಐತಿ, ಮರ್ತಿಯೇನು? ಐದನೇ ಫ್ಲೋರಿನಾಕಿ ಮನ್ಯಾಗ ಹೀಟರ್ ಹತ್ತವಲ್ದು" ಅಂದರು.

ಆಮೇಲೂ ಕೆಲವು ವರ್ಷ ಹೋದೆವು. ಕೊನೆಗೆ ಅವರಿಗೇ ಹುಷಾರು ತಪ್ಪಿದಾಗ ಮಗಳು ಬಂದು ಟೆಕ್ಸಸ್‌ಗೆ ಕರೆದುಕೊಂಡು ಹೋದಳು. ಏರ್‌ಪೋರ್ಟಿಗೆ ಬಿಟ್ಟವನು ನಾನೇ. ಅವರು ತೀರಿಕೊಂಡ ಸುದ್ದಿ ಬಂದಿದ್ದು ಫೋನಿನಲ್ಲಿ. ನಾನು ಟೌನ್ ಹಾಲಿಗೆ ಹೋಗಿ ಕ್ಲರ್ಕ್‌ಗೆ ತಿಳಿಸಿದೆ. ಅವಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

ಮುಂದಿನ ಮೀಟಿಂಗಿನಲ್ಲಿ ಅವರ ಹೆಸರನ್ನು ತಪ್ಪುತಪ್ಪಾಗಿ ಓದಿ, ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸಿದರು. ಮೆಂಬರಕ್ಕ ಆ ರೂಮಿನಲ್ಲಿ ಎಂದೂ ಅಷ್ಟು ಹೊತ್ತು ಸುಮ್ಮನಿದ್ದವರಲ್ಲ.

ಈಗಲೂ ರೈಡ್ ಇಲ್ಲದ ದಿನ ನಾನು ಮೀಟಿಂಗಿಗೆ ಹೋಗಿ ಕೂರುತ್ತೇನೆ. ಎರಡು ಸಲ ಎದ್ದು ಮಾತಾಡಿದ್ದೂ ಇದೆ, ನನ್ನ ಇಂಗ್ಲಿಷಿನಲ್ಲೇ. ಆ ಕೌನ್ಸಿಲ್‌ಮನ್ ತಲೆ ಪೂರ್ತಿ ಬೆಳ್ಳಗಾಗಿದೆ. ಜನ ಮಾತಾಡುವ ಸರದಿ ಬಂದಾಗ, ಯಾರಾದರೂ ಇದ್ದೀರಾ ಅಂತ ಅಧ್ಯಕ್ಷರು ಕೇಳುತ್ತಾರೆ. ಅವನು ಕಾಗದದಿಂದ ತಲೆ ಎತ್ತಿ, ನೆಟ್ಟಗೆ ಕೂತು, ಟೈ ಸರಿಮಾಡಿಕೊಂಡು, ನನ್ನ ಪಕ್ಕದ ಖಾಲಿ ಕುರ್ಚಿಯ ಕಡೆ ನೋಡುತ್ತಾನೆ.